ಪಿಕಪ್ ಎಸಿ ತಂಪಾಗುತ್ತಿಲ್ಲವೇ? ಗ್ಯಾಸ್ ಹಾಕಿಸುವ ಮೊದಲು ಇಷ್ಟು ತಿಳಿದಿರಲಿ

ಮಾರ್ಚ್ ಬಂತೆಂದರೆ ಕೊಡಗಿನ ಗ್ಯಾರೇಜ್‌ಗಳಲ್ಲಿ ಒಂದೇ ಮಾತು. "ಎಸಿ ತಂಪೇ ಆಗ್ತಿಲ್ಲ ಅಣ್ಣ, ಸ್ವಲ್ಪ ಗ್ಯಾಸ್ ಹಾಕಿ ಕೊಡಿ." ಅದು ಕಾಫಿ ಕೊಯ್ಲು ಮುಗಿಯುವ ಹೊತ್ತು. ಒಣಗಿದ ರೋಬಸ್ಟಾ ಚೀಲ ಹೇರಿಕೊಂಡು ಪಿಕಪ್‌ಗಳು ಕುಶಾಲನಗರ, ಹುಣಸೂರು, ಮೈಸೂರು ಅಂತ ಓಡುತ್ತಿರುತ್ತವೆ. ಇನ್ನೊಂದಷ್ಟು ಗಾಡಿಗಳು ಸಂಪಾಜೆ ಘಾಟಿ ಇಳಿದು ಸುಳ್ಯ, ಮಂಗಳೂರಿನ ಕಡೆ ಹೋಗುತ್ತವೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸಾವಿರ ಮೀಟರ್ ಇಳಿದರೆ ಬಿಸಿ ಸರಾಸರಿ 6 ಡಿಗ್ರಿಗಿಂತ ಜಾಸ್ತಿ ಏರುತ್ತದೆ. ಜೊತೆಗೆ ಕರಾವಳಿಯ ಸೆಕೆ ಬೇರೆ. ಮೇಲೆ ಕಿಟಕಿ ಇಳಿಸಿದರೆ ಸಾಕು ಅನ್ನಿಸಿದ್ದ ಕ್ಯಾಬಿನ್‌ನಲ್ಲಿ, ಕೆಳಗೆ ತಲುಪುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ.

ಚಾಲಕರ ಕ್ಯಾಬಿನ್ ತಂಪಾಗಿರಬೇಕು ಅನ್ನುವುದು ಈಗ ಬರೀ ಸುಖದ ಮಾತಾಗಿ ಉಳಿದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್2, ಎನ್3 ವರ್ಗದ ಟ್ರಕ್‌ಗಳ ಕ್ಯಾಬಿನ್‌ಗೆ ಕೇಂದ್ರ ಸರ್ಕಾರ ಎಸಿ ಕಡ್ಡಾಯ ಮಾಡಿದೆ. ಸರಕು ಸೇರಿ ಒಟ್ಟು ತೂಕ 3.5 ಟನ್ ಮೀರುವ ಗಾಡಿಗಳು ಈ ವರ್ಗಕ್ಕೆ ಬರುತ್ತವೆ. ನಮ್ಮ ತೋಟದ ಪಿಕಪ್‌ಗಳು ಸಾಮಾನ್ಯವಾಗಿ ಅದರೊಳಗೇ ಇರುವುದರಿಂದ ಅವಕ್ಕೆ ಈ ನಿಯಮ ಇಲ್ಲ. ಆದರೂ ಎಸಿ ಇರುವ ಪಿಕಪ್ ತೆಗೆದುಕೊಂಡವರಿಗೆ ಅದು ಸರಿಯಾಗಿ ಕೆಲಸ ಮಾಡಬೇಕಲ್ವಾ? ತಂಪು ಕಡಿಮೆಯಾದಾಗ ಎಲ್ಲರ ಕೈ ಮೊದಲು ಹೋಗುವುದು ಗ್ಯಾಸ್ ಕಡೆ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ ಜಾಗ. ಯಾಕೆ ಅನ್ನುವುದಕ್ಕೆ ಎಸಿ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿರಬೇಕು.

ಎಸಿ ಮಾಡುವ ಕೆಲಸ ಬಿಸಿ ಸಾಗಿಸುವುದು

ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದೆ. ಸ್ಪಿರಿಟ್ ಆವಿಯಾಗಲು ಬಿಸಿ ಬೇಕು, ಅದನ್ನು ಚರ್ಮದಿಂದ ಎಳೆದುಕೊಳ್ಳುತ್ತದೆ. ಎಸಿಯ ಪೈಪ್ ಒಳಗೆ ನಡೆಯುವುದೂ ಇದೇ. ಆದರೆ ಅಲ್ಲಿ ಆವಿಯನ್ನು ಗಾಳಿಗೆ ಬಿಡದೆ ಹಿಡಿದು, ಮತ್ತೆ ದ್ರವ ಮಾಡಿ ತಿರುಗಿ ಕಳಿಸುತ್ತಾರೆ.

ಈಗ ರಸ್ತೆಯಲ್ಲಿರುವ ಹೆಚ್ಚಿನ ಗಾಡಿಗಳಲ್ಲಿ ಇರುವ ಗ್ಯಾಸ್ ಆರ್ 134ಎ. ಮಾಮೂಲಿ ಗಾಳಿಯ ಒತ್ತಡದಲ್ಲಿ ಇದು ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹೆಚ್ಚಿಸಿದಷ್ಟೂ ಕುದಿಯುವ ಬಿಸಿ ಮೇಲೇರುತ್ತದೆ. ಗೇಜ್‌ನಲ್ಲಿ ಸುಮಾರು 2 ಬಾರ್ ಇದ್ದರೆ ಅದು 0 ಡಿಗ್ರಿಯ ಹತ್ತಿರ ಕುದಿಯುತ್ತದೆ. 14 ಬಾರ್‌ಗೆ ಏರಿಸಿದರೆ 55 ಡಿಗ್ರಿಯ ಹತ್ತಿರ. ಎಸಿಯ ಗುಟ್ಟೆಲ್ಲ ಈ ಎರಡು ಅಂಕಿಗಳ ನಡುವೆ ಇದೆ.

ಡ್ಯಾಶ್‌ಬೋರ್ಡ್ ಹಿಂದೆ ಒಂದು ಕೂಲಿಂಗ್ ಕಾಯಿಲ್ ಇರುತ್ತದೆ. ಅದರಲ್ಲಿ ಗ್ಯಾಸ್ ಕಡಿಮೆ ಒತ್ತಡದಲ್ಲಿ ಕುದಿಯುತ್ತಾ ಕ್ಯಾಬಿನ್ ಗಾಳಿಯ ಬಿಸಿಯನ್ನು ಹೀರುತ್ತದೆ. ಬ್ಲೋವರ್ ಆ ಗಾಳಿಯನ್ನು ನಮ್ಮ ಮುಖಕ್ಕೆ ತಳ್ಳುತ್ತದೆ. ಬಿಸಿ ಹೊತ್ತ ಗ್ಯಾಸ್ ಕಂಪ್ರೆಸರ್‌ಗೆ ಹೋಗುತ್ತದೆ. ಇಂಜಿನ್‌ನ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್ ಅದನ್ನು ಒತ್ತಿ, ಹೊರಗಿನ ಗಾಳಿಗಿಂತಲೂ ಬಿಸಿ ಮಾಡುತ್ತದೆ. ತಂಪು ಮಾಡಲು ಬಿಸಿ ಮಾಡುವುದು ವಿಚಿತ್ರ ಅನ್ನಿಸಬಹುದು. ಆದರೆ ಬಿಸಿ ಹರಿಯುವುದು ಹೆಚ್ಚು ಬಿಸಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಹೊರಗೆ 35 ಡಿಗ್ರಿ ಇದ್ದಾಗ ಗ್ಯಾಸ್ 55 ಡಿಗ್ರಿಯ ಹಾಗೆ ಅದಕ್ಕಿಂತ ಹೆಚ್ಚು ಬಿಸಿ ಇದ್ದರೆ ಮಾತ್ರ ಅದು ಹೊತ್ತು ತಂದ ಬಿಸಿಯನ್ನು ಹೊರಗೆ ಬಿಡಲು ಸಾಧ್ಯ. ಬಿಡುವ ಜಾಗ ಕಂಡೆನ್ಸರ್. ಅದು ಗಾಡಿಯ ಮುಂಭಾಗದಲ್ಲಿ, ರೇಡಿಯೇಟರ್‌ಗೂ ಮುಂದೆ ಇರುತ್ತದೆ. ಅಲ್ಲಿ ದ್ರವವಾದ ಗ್ಯಾಸ್ ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಸಣ್ಣ ಕಿಂಡಿಯಿಂದ ನುಗ್ಗಿ, ಒತ್ತಡ ಕಳೆದುಕೊಂಡು ಮತ್ತೆ ಕಾಯಿಲ್‌ಗೆ ಬರುತ್ತದೆ.

ಮಳೆಗಾಲದಲ್ಲಿ ಹಂಚು ಸರಿದು ಮನೆಯೊಳಗೆ ನೀರು ಸೋರಿದಾಗ ಬಕೆಟ್‌ನಲ್ಲಿ ಮೊಗೆದು ಹೊರಗೆ ಚೆಲ್ಲುತ್ತೇವಲ್ಲ, ಎಸಿ ಬಿಸಿಯನ್ನು ಹಾಗೆ ಮೊಗೆದು ಚೆಲ್ಲುತ್ತದೆ. ಎಷ್ಟು ಚೆಲ್ಲಿದರೂ ನೆಲದಲ್ಲಿ ನೀರು ನಿಂತೇ ಇದ್ದರೆ ಕಾರಣ ಮೂರು ಇರಬಹುದು. ಸೋರಿಕೆ ಜಾಸ್ತಿ ಇದೆ. ಅಥವಾ ಹೊರಗಿನ ಚರಂಡಿ ಕಟ್ಟಿಕೊಂಡು ಚೆಲ್ಲಿದ ನೀರು ಹೋಗುತ್ತಿಲ್ಲ. ಇಲ್ಲವೇ ಬಕೆಟ್ ತೂತಾಗಿದೆ. ಸೋರಿಕೆ ಅಂದರೆ ಕ್ಯಾಬಿನ್ ಒಳಗೆ ಬರುವ ಬಿಸಿ, ಚರಂಡಿ ಅಂದರೆ ಕಂಡೆನ್ಸರ್, ಗ್ಯಾಸ್ ಅಂದರೆ ಇದರಲ್ಲಿ ಬಕೆಟ್ ಮಾತ್ರ. ಉಳಿದ ಎರಡನ್ನು ನೋಡದೆ ಬಕೆಟ್ ಬದಲಿಸಿದರೆ ದುಡ್ಡು ಖರ್ಚಾಗುತ್ತದೆ, ಅಷ್ಟೇ.

ಮೊದಲು ನೋಡಬೇಕಾದ್ದು ಕಂಡೆನ್ಸರ್

ಬಾನೆಟ್ ಎತ್ತಿ ಟಾರ್ಚ್ ಹಿಡಿದು ಮುಂದಿನ ಜಾಲರಿಯ ಹಿಂದೆ ನೋಡಿ. ಎಸ್ಟೇಟ್ ರಸ್ತೆಯಲ್ಲಿ ಓಡುವ ಪಿಕಪ್ ಆದರೆ ಕಂಡೆನ್ಸರ್‌ನ ಕೆಳಗಿನ ಅರ್ಧ ಕೆಂಪು ಮಣ್ಣು ಮೆತ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಮಳೆಗಾಲದಲ್ಲಿ ಹಾರಿದ ಕೆಸರು ಒಣಗಿ ಅಲ್ಲೇ ಕೂತಿರುತ್ತದೆ. ಅದರ ಮೇಲೆ ಪತಂಗದ ರೆಕ್ಕೆ, ಕಾಫಿ ಸಿಪ್ಪೆಯ ಚೂರು, ಸಿಲ್ವರ್ ಓಕ್‌ನ ಒಣ ಎಲೆ. ಇದು ಹೊರಗೆ ಕಾಣುವ ಭಾಗ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಬೆರಳು ತೂರದ ಒಂದು ಸಂದು ಇದೆ. ಮುಂದಿನಿಂದ ನುಸುಳಿದ ಕಸ ಅಲ್ಲಿ ಸೇರಿ ಕಂಬಳಿ ಹೊದಿಸಿಟ್ಟ ಹಾಗೆ ಕೂರುತ್ತದೆ. ಗಾಡಿ ಎಷ್ಟು ತೊಳೆದರೂ ಅದು ಹೋಗುವುದಿಲ್ಲ, ಯಾಕೆಂದರೆ ಅದನ್ನು ಯಾರೂ ನೋಡುವುದೇ ಇಲ್ಲ.

ಇಲ್ಲಿ ಗಾಳಿ ಆಡದಿದ್ದರೆ ಗ್ಯಾಸ್ ಬಿಸಿ ಬಿಡಲಾರದು. ಒತ್ತಡ ಏರುತ್ತದೆ, ಕಂಪ್ರೆಸರ್ ತಿಣುಕುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ವೆಂಟ್‌ನಲ್ಲಿ ಬೆಚ್ಚನೆ ಗಾಳಿ ಬರುತ್ತದೆ. ಇದರ ಗುರುತು ಸುಲಭ. ಗಾಡಿ ಓಡುವಾಗ ತಂಪು ಇದ್ದು, ಮೈಸೂರಿನ ಸಿಗ್ನಲ್‌ನಲ್ಲಿ ಅಥವಾ ಲೋಡ್ ಇಳಿಸಲು ನಿಂತಾಗ ತಂಪು ಕಡಿಮೆಯಾದರೆ ಅನುಮಾನ ಕಂಡೆನ್ಸರ್ ಮತ್ತು ಅದರ ಫ್ಯಾನ್ ಮೇಲೆ ಬರಬೇಕು. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗುವುದು ಕೇಳಿಸಬೇಕು. ಕೇಳಿಸದಿದ್ದರೆ ಫ್ಯೂಸ್, ರಿಲೇ, ಮೋಟರ್ ನೋಡಬೇಕು. ಮುಂದೆ ಕಟ್ಟಿದ ದೊಡ್ಡ ಲೈಟು, ಗಾರ್ಡ್, ಬೋರ್ಡು ಕೂಡ ಗಾಳಿಗೆ ಅಡ್ಡ ಬರುತ್ತವೆ.

ತೊಳೆಯುವುದಕ್ಕೆ ತೋಟದ ಪೈಪ್‌ನ ಸಾಧಾರಣ ನೀರು ಸಾಕು. ಇಂಜಿನ್ ಆರಿಸಿ, ತಣಿದ ಮೇಲೆ ತೊಳೆಯಿರಿ. ಮಣ್ಣು ಮೊದಲು ನೆನೆಯಲಿ. ಸಾಧ್ಯವಾದರೆ ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಿ, ಆಗ ಕಸ ಬಂದ ದಾರಿಯಲ್ಲೇ ಹೊರಬೀಳುತ್ತದೆ. ಸರ್ವಿಸ್ ಸ್ಟೇಷನ್‌ನ ಪ್ರೆಶರ್ ಗನ್ ಹತ್ತಿರದಿಂದ ಹಿಡಿದರೆ ತೆಳುವಾದ ಅಲ್ಯುಮಿನಿಯಂ ಪಟ್ಟಿಗಳು ಮಡಚಿಕೊಳ್ಳುತ್ತವೆ. ಆಮೇಲೆ ಗಾಳಿ ಹೋಗುವುದು ಇನ್ನೂ ಕಷ್ಟ.

ಘಾಟಿಯ ವಿಷಯ ಬೇರೆಯೇ ಹೇಳಬೇಕು. ಲೋಡ್ ಹೇರಿಕೊಂಡು ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಗಾಡಿ ಎರಡನೇ ಗೇರ್‌ನಲ್ಲಿ ನಿಧಾನವಾಗಿ ಏರುತ್ತದೆ. ಎದುರಿನಿಂದ ಬರುವ ಗಾಳಿ ಕಡಿಮೆ, ಇಂಜಿನ್‌ನ ಬಿಸಿ ಜಾಸ್ತಿ. ಎಷ್ಟೋ ಗಾಡಿಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅಥವಾ ಇಂಜಿನ್ ಮಿತಿ ಮೀರಿ ಕಾದಾಗ ಕಂಪ್ರೆಸರ್ ತಾನಾಗೇ ಬಿಟ್ಟುಕೊಳ್ಳುತ್ತದೆ. ಇಂಜಿನ್ ಉಳಿಸಲು, ಎಳೆತ ಕೊಡಲು ಮಾಡಿರುವ ವ್ಯವಸ್ಥೆ ಅದು. ಹಾಗಾಗಿ ಏರಿನಲ್ಲಿ ಕೆಲವು ಕ್ಷಣ ತಂಪು ತಗ್ಗಿದರೆ ಗಾಬರಿ ಬೇಡ. ಮಡಿಕೇರಿಯ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳುವಾಗಿರುತ್ತದೆ, ಅದು ಹೊರುವ ಬಿಸಿಯೂ ಅಷ್ಟು ಕಡಿಮೆ. ಆದರೆ ಅಲ್ಲಿನ ಗಾಳಿಯೇ ತಂಪಾಗಿರುವುದರಿಂದ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ.

ಒಳಗೆ ಬರುವ ಬಿಸಿ

ಬಿಸಿಲಿನಲ್ಲಿ ನಿಂತ ಗಾಡಿಯ ಒಳಗೆ ಹೊರಗಿಗಿಂತ 20 ಡಿಗ್ರಿಯಷ್ಟು ಹೆಚ್ಚು ಬಿಸಿ ಸೇರುವುದು ದೊಡ್ಡ ಮಾತಲ್ಲ. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಹತ್ತಿರ ಹತ್ತಿರ 1,000 ವ್ಯಾಟ್ ಬಿಸಿ ಸುರಿಯುತ್ತದೆ. ಮುಂದಿನ ಗಾಜು ಒಂದೇ ಸಾಕು, ಒಂದು ಸಣ್ಣ ಹೀಟರ್ ಉರಿಸಿಟ್ಟಷ್ಟು ಆಯಿತು. ಅದಕ್ಕೇ ಗಾಡಿ ಹತ್ತಿದ ಕೂಡಲೇ ಕಿಟಕಿ ಮುಚ್ಚಿ ಎಸಿ ಹಾಕಬೇಡಿ. ಎರಡೂ ಕಿಟಕಿ ಇಳಿಸಿ ಸ್ವಲ್ಪ ದೂರ ಓಡಿಸಿ. ಒಳಗಿನ ಕಾದ ಗಾಳಿ ಖರ್ಚಿಲ್ಲದೆ ಹೊರಹೋಗುತ್ತದೆ. ನಿಲ್ಲಿಸುವಾಗ ನೆರಳು ಸಿಗದಿದ್ದರೆ ಮುಂದಿನ ಗಾಜಿಗೆ ಹೊಳೆಯುವ ಮರೆ ಇಡಿ. ಕಪ್ಪು ಫಿಲ್ಮ್ ಅಂಟಿಸುವ ಯೋಚನೆ ಇದ್ದರೆ ನಿಯಮ ನೆನಪಿರಲಿ: ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ ಕನಿಷ್ಠ 50% ಬೆಳಕು ಹಾಯಬೇಕು.

ಕಿಟಕಿ ಮುಚ್ಚಿದ ಮೇಲೆ ರಿಸರ್ಕ್ಯುಲೇಷನ್ ಗುಂಡಿ ಹಾಕಿ. ಗಾಡಿಯ ಚಿತ್ರದೊಳಗೆ ಬಾಗಿದ ಬಾಣ ಇರುವ ಗುಂಡಿ ಅದು. ಹಾಕದಿದ್ದರೆ ಎಸಿ ಪ್ರತಿ ಸಲವೂ ಹೊರಗಿನ 35 ಡಿಗ್ರಿ ಗಾಳಿಯನ್ನು ತಣಿಸಬೇಕು. ಹಾಕಿದರೆ ಆಗಲೇ ತಣಿದ 25 ಡಿಗ್ರಿ ಗಾಳಿಯನ್ನು ಇನ್ನಷ್ಟು ತಣಿಸುತ್ತದೆ. ಪೈಸೆ ಖರ್ಚಿಲ್ಲದೆ ಗಾಳಿ ತಣ್ಣಗಾಗುವ ದಾರಿ ಇದು. ಆದರೆ ಮೂರು ಜನ ಕೂತ ಸಣ್ಣ ಕ್ಯಾಬಿನ್‌ನಲ್ಲಿ ಅದನ್ನೇ ಗಂಟೆಗಟ್ಟಲೆ ಇಟ್ಟರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ತೂಕಡಿಕೆ ಬರುತ್ತದೆ. ಆಗಾಗ ಹೊಸ ಗಾಳಿ ಬಿಡಿ.

ಬ್ಲೋವರ್ ಬಗ್ಗೆಯೂ ಒಂದು ಮಾತು. ಫುಲ್ ಸ್ಪೀಡ್‌ನಲ್ಲಿ ಗಾಳಿ ಕಾಯಿಲ್ ದಾಟಿ ಬೇಗ ಹೊರಬರುತ್ತದೆ, ಹಾಗಾಗಿ ಅಷ್ಟು ತಣ್ಣಗಿರುವುದಿಲ್ಲ. ಆದರೆ ಒಟ್ಟು ಬಿಸಿ ಎತ್ತುವುದು ಜಾಸ್ತಿ. ಮೊದಲು ಫುಲ್ ಇಟ್ಟು ಕ್ಯಾಬಿನ್ ತಣಿಸಿ, ಆಮೇಲೆ ಒಂದು ಅಥವಾ ಎರಡಕ್ಕೆ ಇಳಿಸಿದರೆ ವೆಂಟ್‌ನ ಗಾಳಿ ಇನ್ನಷ್ಟು ಕೊರೆಯುತ್ತದೆ.

ಕೊಡಗಿನಲ್ಲಿ ಮಾತ್ರ ಜಾಸ್ತಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಒಂದು ಕಾರಣ ಇದೆ. ಅದು ಹೀಟರ್. ಡಿಸೆಂಬರ್, ಜನವರಿಯ ಚಳಿಗೆ ನಾವು ಹೀಟರ್ ಹಾಕುತ್ತೇವೆ. ಇಂಜಿನ್‌ನ ಬಿಸಿ ನೀರು ಡ್ಯಾಶ್‌ಬೋರ್ಡ್ ಒಳಗಿನ ಇನ್ನೊಂದು ಕಾಯಿಲ್‌ಗೆ ಹರಿದು ಗಾಳಿಯನ್ನು ಕಾಯಿಸುತ್ತದೆ. ಮಾರ್ಚ್‌ನಲ್ಲಿ ನಾಬ್ ನೀಲಿ ಕಡೆಗೆ ತಿರುಗಿಸಿದರೂ ಒಳಗಿನ ಕೇಬಲ್ ಅಥವಾ ವಾಲ್ವ್ ಅರ್ಧಕ್ಕೇ ಸಿಕ್ಕಿಕೊಂಡಿದ್ದರೆ ತಣಿದ ಗಾಳಿಯ ಜೊತೆಗೆ ಕಾದ ಗಾಳಿಯೂ ಬೆರೆಯುತ್ತದೆ. ಎಷ್ಟು ಗ್ಯಾಸ್ ಹಾಕಿದರೂ ಇದು ಸರಿಹೋಗುವುದಿಲ್ಲ. ಎಸಿ ಆಫ್ ಮಾಡಿ, ನಾಬ್ ಪೂರ್ತಿ ನೀಲಿಯಲ್ಲಿಟ್ಟು, ಇಂಜಿನ್ ಕಾದ ಮೇಲೆ ಹೊರಗಿನ ಗಾಳಿ ಬಿಟ್ಟು ಬ್ಲೋವರ್ ಓಡಿಸಿ ನೋಡಿ. ಹೊರಗಿನದಕ್ಕಿಂತ ಸ್ಪಷ್ಟವಾಗಿ ಬಿಸಿ ಗಾಳಿ ಬಂದರೆ ಹೀಟರ್‌ನ ಬಿಸಿ ಗಾಳಿಗೆ ಬೆರೆಯುತ್ತಿದೆ ಅಂತ ಮೆಕ್ಯಾನಿಕ್‌ಗೆ ಹೇಳಿ.

ಇನ್ನು ಬಾಗಿಲಿನ ಹರಿದ ರಬ್ಬರ್, ಪೆಡಲ್ ಹತ್ತಿರದ ತೂತುಗಳು. ಅಲ್ಲಿಂದ ಇಂಜಿನ್‌ನ ಬಿಸಿ ಮತ್ತು ಧೂಳು ಎರಡೂ ಬರುತ್ತವೆ, ಮುಚ್ಚಿಸಿ.

ಸೆಕೆ ಯಾಕೆ ಎಸಿಯನ್ನು ಸುಸ್ತು ಮಾಡುತ್ತದೆ

ಅದೇ ಗಾಡಿ, ಅದೇ ಎಸಿ. ಹುಣಸೂರಿನ 34 ಡಿಗ್ರಿಯಲ್ಲಿ ತಂಪು ಕೊಡುವುದು ಮಂಗಳೂರಿನ 34 ಡಿಗ್ರಿಯಲ್ಲಿ ಯಾಕೋ ಸಾಲದು ಅನ್ನಿಸುತ್ತದೆ. ಕಾರಣ ಗಾಳಿಯಲ್ಲಿರುವ ನೀರಿನ ಆವಿ. ತಣ್ಣನೆ ಕಾಯಿಲ್‌ಗೆ ತಾಗಿದ ಆವಿ ನೀರಾಗುವಾಗ ತನ್ನಲ್ಲಿದ್ದ ಬಿಸಿಯನ್ನು ಅಲ್ಲೇ ಬಿಟ್ಟುಬಿಡುತ್ತದೆ. ಅದು ಸಣ್ಣ ಮೊತ್ತವಲ್ಲ. ಒಂದು ಲೀಟರ್ ನೀರು ಹೀಗೆ ಸೇರಿದರೆ, 7 ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವಷ್ಟು ಬಿಸಿಯನ್ನು ಎಸಿ ಹೊರಹಾಕಿದೆ ಅಂತ ಅರ್ಥ. ನಿಂತ ಗಾಡಿಯ ಕೆಳಗೆ ತೊಟ್ಟಿಕ್ಕುವ ನೀರು ಇದೇ. ಅದನ್ನು ಕಂಡು ಹೆದರುವವರಿದ್ದಾರೆ, ಆದರೆ ಸೆಕೆಯ ದಿನ ತೊಟ್ಟಿಕ್ಕದಿದ್ದರೇ ಯೋಚಿಸಬೇಕು. ಕಾಯಿಲ್ ತಣ್ಣಗಾಗಿಲ್ಲ, ಇಲ್ಲವೇ ನೀರು ಹೋಗುವ ಸಣ್ಣ ಪೈಪ್ ಕಟ್ಟಿದೆ. ಪೈಪ್ ಕಟ್ಟಿದ್ದರೆ ಕಾಲ ಬುಡದ ಮ್ಯಾಟ್ ಒದ್ದೆಯಾಗುತ್ತದೆ.

ತೇವ ತೆಗೆಯುವುದು ಎಸಿಯ ಹುಟ್ಟಿನ ಜೊತೆಗೇ ಬಂದ ಕೆಲಸ. ಅಮೆರಿಕದ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಮೊದಲ ಆಧುನಿಕ ಎಸಿ ರೂಪಿಸಿದ್ದು ಒಂದು ಮುದ್ರಣಾಲಯಕ್ಕೆ, ತೇವದಿಂದ ಕಾಗದ ಹಿಗ್ಗಿ ಬಣ್ಣ ಹೊಂದದೇ ಹೋಗುವುದನ್ನು ತಪ್ಪಿಸಲು.

ಸದಾ ಒದ್ದೆ ಇರುವ ಕಾಯಿಲ್‌ಗೆ ಧೂಳು ಅಂಟುತ್ತದೆ. ಎಸಿ ಫಿಲ್ಟರ್ ಇದ್ದರೆ ಅದು ತಡೆಯುತ್ತದೆ. ಕೆಲವು ಪಿಕಪ್‌ಗಳಲ್ಲಿ ಫಿಲ್ಟರೇ ಇರುವುದಿಲ್ಲ, ಕಾಫಿ ಸಿಪ್ಪೆಯ ಧೂಳೆಲ್ಲ ನೇರ ಕಾಯಿಲ್‌ಗೆ. ಬ್ಲೋವರ್ ಫುಲ್ ಇದ್ದರೂ ಗಾಳಿ ಸಣ್ಣಗೆ ಬಂದರೆ ಮೊದಲು ಫಿಲ್ಟರ್ ತೆಗೆದು ನೋಡಿ. ಬೂಷ್ಟು ವಾಸನೆ ಬರುತ್ತಿದ್ದರೆ, ಊರು ಸೇರುವ ಕೆಲವು ನಿಮಿಷ ಮೊದಲು ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿ. ಕಾಯಿಲ್ ಒಣಗುತ್ತದೆ.

ಮೊದಲು ಚೆನ್ನಾಗಿ ತಂಪಾಗಿ, ಆಮೇಲೆ ಗಾಳಿಯೇ ಕಡಿಮೆಯಾಗುತ್ತಾ ಬಂದರೆ ಕಾಯಿಲ್ ಮೇಲೆ ಐಸ್ ಕಟ್ಟಿರಬಹುದು. ಐಸ್ ಆಗದಂತೆ ತಡೆಯಲೆಂದೇ ಒಂದು ಸೆನ್ಸರ್ ಕಂಪ್ರೆಸರ್ ಅನ್ನು ಆಗಾಗ ನಿಲ್ಲಿಸುತ್ತದೆ. ಅದು ಕೆಟ್ಟಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ ಹೀಗಾಗುತ್ತದೆ.

ಸರಿಯಾದ ತಂಪು ಅಂದರೆ ಎಷ್ಟು

ಕೈ ಇಟ್ಟು ಹೇಳುವ ಲೆಕ್ಕ ಬೇಡ, ಒಂದು ಸಾಧಾರಣ ಥರ್ಮಾಮೀಟರ್ ತನ್ನಿ. ಗಾಡಿ ನೆರಳಿನಲ್ಲಿರಲಿ, ಬಾನೆಟ್ ಎತ್ತಿರಲಿ, ರಿಸರ್ಕ್ಯುಲೇಷನ್ ಹಾಕಿ, ಇಂಜಿನ್ ಸುಮಾರು 1,500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಲಿ. ನಡುವಿನ ವೆಂಟ್‌ಗೆ ಥರ್ಮಾಮೀಟರ್ ತೂರಿಸಿ. ಹೊರಗೆ 30 ಡಿಗ್ರಿ ಆಸುಪಾಸು ಇದ್ದು, ವೆಂಟ್‌ನಲ್ಲಿ 10 ಡಿಗ್ರಿಯ ಒಳಗೆ ಬಂದರೆ ಎಸಿ ಆರೋಗ್ಯವಾಗಿದೆ. ಸೆಕೆಯ ದಿನ ಇನ್ನೊಂದೆರಡು ಡಿಗ್ರಿ ಮೇಲಿದ್ದರೂ ಸರಿ. ಕಾಯಿಲ್ 0 ಡಿಗ್ರಿಗಿಂತ ಕೆಳಗೆ ಹೋಗಬಾರದಾದ್ದರಿಂದ 3-4 ಡಿಗ್ರಿಗಿಂತ ತಣ್ಣನೆ ಗಾಳಿಯನ್ನು ಯಾವ ಗಾಡಿಯಿಂದಲೂ ನಿರೀಕ್ಷಿಸಬೇಡಿ.

ಅದೇ ಹೊತ್ತಿನಲ್ಲಿ ಬಾನೆಟ್ ಒಳಗೂ ನೋಡಿ. ಕ್ಯಾಬಿನ್‌ನಿಂದ ಕಂಪ್ರೆಸರ್‌ಗೆ ಬರುವ ದಪ್ಪ ಪೈಪ್ ತಣ್ಣಗೆ, ಬೆವರಿದಂತೆ ಇರಬೇಕು. ಬೆಲ್ಟ್, ಫ್ಯಾನ್ ಹತ್ತಿರ ಕೈ ಒಯ್ಯಬೇಡಿ. ಕಂಪ್ರೆಸರ್ ಅನ್ನು ಬೆಲ್ಟ್‌ಗೆ ಜೋಡಿಸುವ ಕ್ಲಚ್ ಟಕ್ ಅಂತ ಹಿಡಿದು, ಕೆಲವೇ ಸೆಕೆಂಡಿಗೆ ಬಿಟ್ಟು, ಮತ್ತೆ ಹಿಡಿಯುತ್ತಿದ್ದರೆ ಗ್ಯಾಸ್ ನಿಜವಾಗಿ ಕಡಿಮೆ ಇರುವ ಸಾಧ್ಯತೆ ಹೆಚ್ಚು.

ಗ್ಯಾಸ್ ಖರ್ಚಾಗುವ ವಸ್ತುವಲ್ಲ

ಡೀಸೆಲ್ ಉರಿದು ಹೋಗುತ್ತದೆ, ಎಸಿ ಗ್ಯಾಸ್ ಹಾಗಲ್ಲ. ಮುಚ್ಚಿದ ಪೈಪ್‌ನಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಪೈಪ್, ಸೀಲ್‌ಗಳಿಂದ ಚೂರು ಚೂರು ಹೋಗುವುದುಂಟು. ಆದರೆ ಪ್ರತಿ ಬೇಸಿಗೆಗೂ ಹಾಕಿಸಬೇಕಾಗಿ ಬಂದರೆ ಎಲ್ಲೋ ಸೋರಿಕೆ ಇದೆ. ಕಲ್ಲು ರಸ್ತೆಯ ಕುಲುಕಾಟಕ್ಕೆ ಪೈಪ್ ಜಾಯಿಂಟ್‌ಗಳು ಸಡಿಲವಾಗುತ್ತವೆ, ಸಿಡಿದ ಜಲ್ಲಿ ಕಂಡೆನ್ಸರ್‌ಗೆ ತೂತು ಮಾಡುತ್ತದೆ. ಗ್ಯಾಸ್ ಜೊತೆ ಕಂಪ್ರೆಸರ್‌ನ ಎಣ್ಣೆಯೂ ಸುತ್ತುವುದರಿಂದ, ಸೋರುವ ಜಾಗದಲ್ಲಿ ಎಣ್ಣೆ ಹಿಡಿದ ಕರಿ ಧೂಳು ಅಂಟಿರುತ್ತದೆ. ಎಣ್ಣೆ ಕಡಿಮೆಯಾದ ಕಂಪ್ರೆಸರ್ ಒಂದು ದಿನ ಜಾಮ್ ಆಗುತ್ತದೆ. ದೊಡ್ಡ ಖರ್ಚು ಬರುವುದು ಆಗ.

ಗ್ಯಾಸ್ ಹಾಕಿಸುವಾಗ ಮೂರು ವಿಷಯ ಕೇಳಿ. ಸೋರಿಕೆ ನೋಡಿದಿರಾ? ವ್ಯಾಕ್ಯೂಮ್ ಮಾಡಿದಿರಾ? ತೂಕ ಮಾಡಿ ಹಾಕುತ್ತೀರಾ? ಸೋರಿಕೆಯನ್ನು ನೈಟ್ರೋಜನ್ ತುಂಬಿ ಸೋಪ್ ನೊರೆ ಹಚ್ಚಿ, ಅಥವಾ ಹೊಳೆಯುವ ಡೈ ಹಾಕಿ ಹುಡುಕುತ್ತಾರೆ. ವ್ಯಾಕ್ಯೂಮ್ ಪಂಪ್ ಅರ್ಧ ಗಂಟೆಯಾದರೂ ಓಡಿದರೆ ಒಳಗಿನ ಗಾಳಿ, ತೇವ ಹೊರಬರುತ್ತದೆ. ಗಾಳಿ ಉಳಿದರೆ ಅದು ದ್ರವವಾಗದೆ ಸುಮ್ನೆ ಒತ್ತಡ ಏರಿಸುತ್ತದೆ. ತೇವ ಉಳಿದರೆ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಐಸ್ ಆಗಿ ದಾರಿ ಕಟ್ಟುತ್ತದೆ. ಎಷ್ಟು ಗ್ರಾಂ ಗ್ಯಾಸ್ ಬೇಕು ಅನ್ನುವುದು ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅನ್ನುವುದು ತಪ್ಪು. ಮಿತಿ ಮೀರಿದರೆ ಕಂಡೆನ್ಸರ್‌ನಲ್ಲಿ ದ್ರವ ತುಂಬಿ, ಬಿಸಿ ಬಿಡಲು ಜಾಗವಿಲ್ಲದೆ ತಂಪು ಇನ್ನೂ ಕಡಿಮೆಯಾಗುತ್ತದೆ.

ಅಗ್ಗಕ್ಕೆ ಅಡುಗೆ ಗ್ಯಾಸ್‌ನಂಥದ್ದನ್ನು ಬೆರೆಸುತ್ತೇವೆ ಅಂದರೆ ಒಪ್ಪಲೇಬೇಡಿ. ತಂಪು ಬರುತ್ತದೆ ನಿಜ. ಆದರೆ ಕಾಯಿಲ್ ಸೋರಿದರೆ ಅದು ಮುಚ್ಚಿದ ಕ್ಯಾಬಿನ್ ತುಂಬುತ್ತದೆ, ಒಂದು ಕಿಡಿ ಸಾಕು. ಹಳೆಯ ಗ್ಯಾಸನ್ನು ಗಾಳಿಗೆ ಬಿಡುವುದೂ ಸರಿಯಲ್ಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಆರ್ 134ಎ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಕಾಯಿಸುತ್ತದೆ. ಮಷೀನ್‌ನಲ್ಲಿ ಗ್ಯಾಸ್ ಎಳೆದು ಹಿಡಿದುಕೊಳ್ಳುವ ಗ್ಯಾರೇಜ್ ಸಿಕ್ಕರೆ ಅಲ್ಲಿಗೇ ಹೋಗಿ.

ಮಳೆಗಾಲದಲ್ಲೂ ಎಸಿ ಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೆಚ್ಚಿನವರು ಎಸಿ ಮುಟ್ಟುವುದಿಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷವಾದರೂ ಓಡಿಸಿ. ಎಣ್ಣೆ ಸುತ್ತಿ ಕಂಪ್ರೆಸರ್‌ನ ಸೀಲ್ ಒಣಗದಂತೆ ಇಡುತ್ತದೆ. ಮಾರ್ಚ್‌ನಲ್ಲಿ ಕಾಣುವ ಎಷ್ಟೋ ಸೋರಿಕೆಗಳು ಶುರುವಾಗುವುದು ಈ ಸುಮ್ಮನಿದ್ದ ತಿಂಗಳುಗಳಲ್ಲಿ.

ಅದಕ್ಕಿಂತ ದೊಡ್ಡ ಉಪಯೋಗ ಗಾಜಿನದು. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಹತ್ತುವಾಗ ಮಳೆ, ಮಂಜು ಎರಡೂ ಸೇರಿ ಗಾಜಿನ ಒಳಗೆ ಹಬೆ ಕಟ್ಟುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಕಟ್ಟುತ್ತದೆ, ಯಾಕೆಂದರೆ ಒದ್ದೆ ಬಟ್ಟೆ, ಉಸಿರು, ಮ್ಯಾಟ್‌ನ ನೀರು ಎಲ್ಲ ಆವಿಯಾಗಿ ಒಳಗೇ ಇದೆ. ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಎಸಿ ಹಾಕಿ, ರಿಸರ್ಕ್ಯುಲೇಷನ್ ತೆಗೆದುಬಿಡಿ. ಚಳಿ ಅನ್ನಿಸಿದರೆ ನಾಬನ್ನು ಕೆಂಪು ಕಡೆಗೆ ಸ್ವಲ್ಪ ತಿರುಗಿಸಿ. ಎಸಿ, ಹೀಟರ್ ಎರಡೂ ಒಟ್ಟಿಗೆ ನಡೆಯಬಹುದು. ಎಸಿ ಕಾಯಿಲ್ ಗಾಳಿಯ ತೇವ ಹಿಂಡುತ್ತದೆ, ಹೀಟರ್ ಅದನ್ನು ಬೆಚ್ಚಗೆ ಮಾಡಿ ಕಳಿಸುತ್ತದೆ. ಆ ಒಣ ಗಾಳಿಗೆ ಗಾಜಿನ ಹಬೆ ಕರಗಲು ಒಂದೆರಡು ನಿಮಿಷ ಸಾಕು.